ಇಪ್ಪತ್ತೆರಡನೆಯ ಅಪಾಯ

ಗಲ್ಲಕ್ಕೆ ಸೋಪು ಹಚ್ಚಿಕೊಂಡು ಕನ್ನಡಿಯ ಮುಂದೆ ನಿಂತಿದ್ದ ವ್ಯಾಸರಾಯ ರೇಜರನ್ನು ಕುತ್ತಿಗೆಯವರೆಗೆ ತಂದವನು ಅಲ್ಲಿಯೇ ತಡೆದು ಅದಕ್ಕೂ ಅಂಕ ಹಾಕಿದ. ಆಗುವ ಸಂಭವ ಎರಡು, ಆದರೆ ಹಾನಿ ಐದು, ಗುಣಿಸಿದರೆ ಹತ್ತು. ಬಚ್ಚಲಿನ ಪಾಚಿಗಟ್ಟಿದ ಕಲ್ಲು ಒಂಬತ್ತು, ಅಡಿಗೆಮನೆಯ ಪಂಪ್ ಸ್ಟವ್ ಹದಿನೈದು, ಮಹಡಿ ಮೆಟ್ಟಿಲು ಆರು. ಆದ್ದರಿಂದ ಸ್ಟವ್ ಮೊದಲನೆಯದು, ರೇಜರ್ ಎರಡನೆಯದು. ಹೋದ ವರ್ಷ, ಎಂಬತ್ತೈದರಲ್ಲಿ, ಮಿಲ್ಲಿನವರು ತಮ್ಮ ಎಂಜಿನಿಯರನಾದ ಅವನನ್ನು ಹತ್ತು ದಿನ ಮದರಾಸಿಗೆ ಕಳಿಸಿ ಕಲಿಸಿದ ವಿದ್ಯೆ ಇದು: ಕೆಲಸಕ್ಕೆ ಕೈಹಾಕುವ ಮೊದಲು ಏನೇನು ಕೆಡಬಹುದೋ ಎಲ್ಲವನ್ನೂ ಪಟ್ಟಿ ಮಾಡು, ಪ್ರತಿಯೊಂದಕ್ಕೂ ಸಂಭವಕ್ಕೆ ಐದರೊಳಗೊಂದು ಅಂಕ, ಹಾನಿಗೆ ಐದರೊಳಗೊಂದು ಅಂಕ ಕೊಡು, ಗುಣಿಸು, ದೊಡ್ಡದನ್ನು ಮೇಲೆ ಬರೆ, ಮೇಲಿನದನ್ನು ಮೊದಲು ಕಟ್ಟಿಹಾಕು. ಆಗ ಅದು ಅವನಿಗೆ ಬಹಳ ಹಿಡಿಸಿತ್ತು. ಲೋಕದಲ್ಲಿ ಆಗುವ ಕೆಟ್ಟದ್ದನ್ನೆಲ್ಲ ಸಾಲಾಗಿ ನಿಲ್ಲಿಸಿ ಹಾಜರಿ ಕೂಗಬಹುದೆಂಬ ಸುಖ. ಈಗ ಹನ್ನೆರಡು ದಿನಗಳಿಂದ ಆ ಹಾಜರಿ ನಿಲ್ಲುತ್ತಿರಲಿಲ್ಲ. ಎದುರಿಗೆ ಕಂಡದ್ದೆಲ್ಲ ಮನಸ್ಸಿನಲ್ಲಿ ಮುರಿಯುತ್ತಿತ್ತು, ಸೀಳುತ್ತಿತ್ತು. ಅಂಚೆಯವನು ಸೈಕಲ್ ಇಳಿದರೆ ಅವನ ಮೊಣಕಾಲಿನ ಚಿಪ್ಪು ಕಾಣುತ್ತಿತ್ತು, ಪಕ್ಕದ ಮನೆಯವರು ತೆಂಗಿನಕಾಯಿ ಒಡೆದರೆ ತಲೆ.

"ರೀ, ದೋಸೆ ಆರಿಹೋಗ್ತಾ ಇದೆ," ಎಂದು ಒಳಗಿನಿಂದ ಹೆಂಡತಿ ಭಾಮಾ ಕೂಗಿದಳು.

"ತಾಳು, ಬಂದೆ," ಎಂದ ವ್ಯಾಸರಾಯ. ಅಂದ ಕೂಡಲೇ ಕೈ ಜಾರಿತು. ಸೋಪಿನ ಬಿಳುಪಿನಲ್ಲಿ ಕೆಂಪು ಗೆರೆಯೊಂದು ಎದ್ದು ಕೆಳಕ್ಕೆ ಇಳಿಯಿತು. ಆ ಮಾತನ್ನು ಇನ್ನು ಬಾಯಲ್ಲಿ ತರಬಾರದೆಂದು ನಿಶ್ಚಯ ಮಾಡಿಕೊಂಡ ಮೇಲೇ ಅದು ದಿನಕ್ಕೆ ಇಪ್ಪತ್ತು ಸಲ ಬರುತ್ತದೆಂದು ಅವನಿಗೆ ಗೊತ್ತಾದದ್ದು. ಹುಟ್ಟಿದಾಗಿನಿಂದ, ತಮಿಳು ಊರಿನ ಈ ಕನ್ನಡ ಮನೆಯಲ್ಲಿ ಎಲ್ಲರೂ ಎಲ್ಲರಿಗೂ ಹೇಳುತ್ತ ಬಂದದ್ದು ಅದೊಂದೇ ಮಾತು. ತಾಳು, ಹಾಲು ಉಕ್ಕುತ್ತೆ. ತಾಳು, ದೇವರಿಗೆ ಇಟ್ಟಿಲ್ಲ. ತಾಳೋ, ನಿಮ್ಮಪ್ಪ ಬರಲಿ. ಅಪ್ಪ ಬಂದರೆ ಬೀಸಣಿಗೆಯ ಕಾವಿನ ಏಟು. ಹೊಸಿಲು ದಾಟಿ ಒಳಗೆ ಬಂದ ಮೇಲೆ ಒಂದು ತಮಿಳು ಮಾತು ಬಿದ್ದರೆ ಒಂದು ಏಟು; ನೀರು ಎನ್ನದೆ ತಣ್ಣಿ ಎಂದದ್ದಕ್ಕೆ ಮೊಣಕೈ ಗಂಟಿಗೇ ಬಿದ್ದು ವಾರವೆಲ್ಲ ಊದಿತ್ತು. ಬೆಳಗಾದರೆ ಶಾಲೆಯಲ್ಲಿ ತಮಿಳು ವಾಧ್ಯಾರರು ಕನ್ನಡ ಮಾತೊಂದಕ್ಕೆ ತೊಡೆಯ ಒಳಮೈಯನ್ನು ಉಗುರಿನಿಂದ ಹಿಡಿದು ತಿರುಪುತ್ತಿದ್ದರು. ಎರಡು ಭಾಷೆಯನ್ನೂ ಮೈಗೆ ಹೊಡೆದೇ ಕೂರಿಸಿದ್ದರು. ಯಾವುದು ಎಲ್ಲಿ ಕೂತಿದೆ ಎಂದು ಅವನು ನಲವತ್ತೆರಡು ವರ್ಷ ಯೋಚಿಸಿರಲಿಲ್ಲ.

ಹನ್ನೆರಡು ದಿನದ ಕೆಳಗೆ, ಬುಧವಾರ, ತುಡಿಯಲೂರಿನ ಮಿಲ್ಲಿನಲ್ಲಿ ಹಳೆಯ ಶೆಡ್ಡಿನಿಂದ ಹೊಸ ಡೈಯಿಂಗ್ ಶೆಡ್ಡಿಗೆ ಬಾಯ್ಲರ್ ಸಾಗಿಸುವ ಕೆಲಸ. ನೂರಿಪ್ಪತ್ತು ಅಡಿ ದೂರ, ಹನ್ನೊಂದು ಟನ್ ಭಾರ. ಮರದ ದಿಮ್ಮಿಗಳ ಮೇಲೆ ಕಬ್ಬಿಣದ ಪೈಪುಗಳನ್ನು ಅಡ್ಡಹಾಸಿ, ಅವುಗಳ ಮೇಲೆ ಬಾಯ್ಲರ್ ಕೂರಿಸಿ, ಹಿಂದಿನಿಂದ ಮೇಸ್ತ್ರಿ ದಂಡಪಾಣಿಯೂ ಅವನ ಐವರು ಆಳುಗಳೂ ಕಡಪಾರೆ, ಎಂದರೆ ಉದ್ದನೆಯ ಹಾರೆ, ಕೊಟ್ಟು ಮೀಟುತ್ತಿದ್ದರು. ಬಾಯ್ಲರ್ ಗೇಣು ಗೇಣು ಸರಿದಂತೆ ಹಿಂದೆ ಉಳಿದ ಪೈಪನ್ನು ಎತ್ತಿ ತಂದು ಮುಂದೆ ಹಾಸುವುದು ಪಳನಿಸಾಮಿಯ ಕೆಲಸ. ಅವನೊಬ್ಬನೇ ಮುಂದೆ, ಮಿಕ್ಕವರೆಲ್ಲ ಹಿಂದೆ. ಬಾಯ್ಲರಿನ ಹೊಟ್ಟೆ ಅಡ್ಡವಾಗಿ ಅವರಿಗೆ ಇವನು ಕಾಣುವುದಿಲ್ಲ, ಇವನಿಗೆ ಅವರು ಕಾಣುವುದಿಲ್ಲ. ಎರಡು ಕಡೆಯವರೂ ಕಾಣುವುದು ಪಕ್ಕದಲ್ಲಿ ಡ್ರಮ್ಮಿನ ಮೇಲೆ ನಿಂತ ವ್ಯಾಸರಾಯನಿಗೆ ಮಾತ್ರ. ಪೈಪು ಓರೆಯಾಗಿ ಬಿದ್ದಿತ್ತು. ಪಳನಿಸಾಮಿ ಕೂತು ಅದನ್ನು ಕಾಲಿನಿಂದ ಒದ್ದು ಸರಿಮಾಡುತ್ತಿದ್ದ. ಬಾಯ್ಲರಿನಡಿ ಆ ಕಾಲು ಕಂಡಿತು, ವ್ಯಾಸರಾಯನ ಬಾಯಿಂದ ಒಂದೇ ಮಾತು ಕಿರಿಚಿಕೊಂಡು ಹೊರಬಿತ್ತು: "ತಾಳು!" ಪಳನಿಸಾಮಿ ಕತ್ತೆತ್ತಿ ನೋಡಿದ. ನಕ್ಕ. ನಕ್ಕು, ಇನ್ನು ಅವಸರವಿಲ್ಲವೆಂಬಂತೆ ಎರಡನೆಯ ಕಾಲನ್ನೂ ಒಳಗೆ ತೂರಿಸಿ ಪೈಪನ್ನು ಒದೆಯಲು ಕೂತ. ಹಿಂದೆ ಆರು ಕಡಪಾರೆಗಳು ಒಟ್ಟಿಗೆ ಎದ್ದವು. ಹಸಿ ಕಬ್ಬನ್ನು ಗಾಣಕ್ಕೆ ಕೊಟ್ಟಾಗ ಆಗುವ ಸದ್ದಾಯಿತು. ಆಮೇಲೆ ಪಳನಿಸಾಮಿ ಕೂಗಿದ ಕೂಗಿನಲ್ಲಿ ಯಾವ ಭಾಷೆಯೂ ಇರಲಿಲ್ಲ.

ಆ ಸಂಜೆ ವ್ಯಾಸರಾಯ ಇಂಗ್ಲಿಷಿನಲ್ಲಿ ವರದಿ ಬರೆದ. ನಿಲ್ಲಿಸಲು ಆಜ್ಞೆ ಕೊಟ್ಟೆ, ಮೇಸ್ತ್ರಿಯ ಗುಂಪು ಆಜ್ಞೆ ಮೀರಿ ತಳ್ಳಿತು. ಸುಳ್ಳು ಬರೆಯುತ್ತಿದ್ದೇನೆಂದು ಅವನಿಗೆ ಅನ್ನಿಸಿರಲಿಲ್ಲ. ದಂಡಪಾಣಿಯ ಮೇಲೆ ಮೈ ಉರಿಯುತ್ತಿತ್ತು. ಆ ಕಾಗದದ ಮೇಲೆ ಪೊಲೀಸರು ದಂಡಪಾಣಿಯನ್ನು ಹಿಡಿದುಕೊಂಡು ಹೋದರು. ಮೂರನೆಯ ದಿನ ಬೆಳಿಗ್ಗೆ ಭಾಮಾ ಗೇಟಿನಲ್ಲಿ ತರಕಾರಿ ಗಾಡಿ ನಿಲ್ಲಿಸಿಕೊಂಡು ಬದನೆಕಾಯಿ ಆರಿಸುತ್ತಿದ್ದಳು. ಇವನಿಗೆ ನಿಂಬೆಹಣ್ಣು ಬೇಕೆಂದು ನೆನಪಾಗಿ ಹಜಾರದಿಂದ ಅವಳಿಗೆ "ತಾಳು!" ಎಂದು ಕೂಗಿದ. ಗಾಡಿಯವನು ಮುಖ ಸಿಂಡರಿಸಿಕೊಂಡು, ಹೋಗು ಅಂದರೆ ಹೋಗುತ್ತೇನೆ, ಅದಕ್ಕೆ ಯಾಕೆ ಕಿರಿಚಬೇಕು ಎಂದು ಗೊಣಗುತ್ತ ಗಾಡಿಯನ್ನು ತಳ್ಳಿಕೊಂಡು ಹೊರಟೇಹೋದ. ಭಾಮಾ ಕೈಯಲ್ಲಿ ಬದನೆಕಾಯಿ ಹಿಡಿದುಕೊಂಡು ನಗುತ್ತ ನಿಂತಿದ್ದಳು. ವ್ಯಾಸರಾಯ ಹಜಾರದ ಕಂಬ ಹಿಡಿದು ಕೂತ. ಅವನು ಅಂದದ್ದು ತಾಳು. ತಮಿಳು ಕಿವಿಗೆ ಬಿದ್ದದ್ದು ತಳ್ಳು. ನೂಕು ಅಂತ. ಆರು ಜನಕ್ಕೂ ಅದೇ ಕೇಳಿಸಿತ್ತು, ಆರು ಜನವೂ ಹೇಳಿದ್ದನ್ನೇ ಮಾಡಿದ್ದರು. ಕೇಳಬೇಕಾದಂತೆ ಕೇಳಿಸಿಕೊಂಡವನು ಒಬ್ಬನೇ, ಮನೆಯಲ್ಲಿ ಕನ್ನಡ ಆಡುವ ಅನ್ನೂರಿನ ಪಳನಿಸಾಮಿ. ಅವನಿಗೂ ತಳ್ಳು ಎಂದೇ ಕೇಳಿಸಿದ್ದರೆ ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. ಇದಾಗಿ ಒಂಬತ್ತು ದಿನವಾಯಿತು, ವ್ಯಾಸರಾಯ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಇವತ್ತು ಹನ್ನೊಂದು ಗಂಟೆಗೆ ಮಿಲ್ಲಿಗೆ ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಬಂದು ಹೇಳಿಕೆ ತೆಗೆದುಕೊಳ್ಳುತ್ತಾನೆ. ಯಾರ ಹೆಸರು ಬರೆಯುತ್ತಾನೋ ಅವರ ಮೇಲೆ ಪೊಲೀಸ್ ಕೇಸು.

ಗಲ್ಲದ ಗಾಯಕ್ಕೆ ಪಟಿಕ ಒತ್ತಿಕೊಂಡು ದೋಸೆಗೆ ಕೂತ. "ಇವತ್ತು ಹೇಳಿಬಿಡ್ತೀರಾ?" ಎಂದು ಭಾಮಾ ಕೇಳಿದಾಗ ಮುರಿದ ತುತ್ತನ್ನು ತಟ್ಟೆಯಲ್ಲೇ ಇಟ್ಟ, ಇವಳಿಗೆ ಗೊತ್ತಾಗಿದೆಯೇ? ಅವಳು ಕೇಳಿದ್ದು ರಜೆಯ ವಿಷಯ, ಅವಳ ತಂಗಿಯ ಮಗಳ ಮದುವೆಗೆ. "ಹೇಳ್ತೀನಿ," ಎಂದ. ಅವಳ ಕೈಯಲ್ಲಿದ್ದ ಮೊಗಚೋ ಕೈ, ಕಾದ ಕಾವಲಿ, ಸೀರೆಯ ಸೆರಗು, ಮೂರಕ್ಕೂ ಅಂಕ ಬಿತ್ತು.

ಟೌನ್ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಯಾರೋ ಅವನ ಪಾದ ತುಳಿದರು. ತಿರುಗಿ ಆ ಮುಖಕ್ಕೆ ಗುದ್ದಬೇಕು, ಮೂಗಿನ ಮೂಳೆ ಗೆಣ್ಣಿಗೆ ತಾಗುವವರೆಗೆ ಗುದ್ದಬೇಕು ಎನ್ನುವ ಆಸೆ ಎಷ್ಟು ಜೋರಾಗಿ ಬಂತೆಂದರೆ ಎರಡು ಕೈಯಿಂದಲೂ ಕಂಬಿ ಹಿಡಿದುಕೊಂಡ. ಇದನ್ನು ಯಾವ ಪಟ್ಟಿಯಲ್ಲೂ ಬರೆದಿರಲಿಲ್ಲ. ಬಾಯ್ಲರ್ ಪಟ್ಟಿಯಲ್ಲಿ ಇಪ್ಪತ್ತೆರಡು ಅಪಾಯಗಳಿದ್ದವು, ಕೊನೆಯದೊಂದನ್ನು ಬಿಟ್ಟು ಎಲ್ಲವೂ ಮೂರು ರಾತ್ರಿ ಕೂತು ತಯಾರಿಸಿದ್ದು. ಮೊದಲನೆಯದು ಚರಂಡಿಯ ಮೇಲಿನ ಹಾಸುಗಲ್ಲು ಒಡೆಯುವುದು, ಇಪ್ಪತ್ತು ಅಂಕ. ಅದನ್ನು ಕೀಳಿಸಿ ಕಾಂಕ್ರೀಟ್ ಹಾಕಿಸಿದ್ದ. ಎರಡನೆಯದು ಚೈನ್ ಬ್ಲಾಕಿನ ಕೊಕ್ಕೆ, ಮೂರನೆಯದು ತಲೆಯ ಮೇಲಿನ ಕರೆಂಟು ತಂತಿ. ನಾಲ್ಕನೆಯದು ಕೆಲಸದವರು ಕುಡಿದು ಬರುವುದು, ಹನ್ನೆರಡು ಅಂಕ. ಅದಕ್ಕಾಗಿ ಆವತ್ತು ಬೆಳಿಗ್ಗೆ ಏಳು ಜನರನ್ನೂ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರಾಗಿ ಬಂದು ತನ್ನ ಮುಖದ ಮೇಲೆ ಊದಬೇಕೆಂದಿದ್ದ. ದಂಡಪಾಣಿ ಪಳನಿಗೆ ಹೋಗಲು ಮಾಲೆ ಹಾಕಿಕೊಂಡಿದ್ದ, ವ್ರತದಲ್ಲಿದ್ದ. ಐವತ್ತೈದರ ಮನುಷ್ಯ ಹಣೆಯ ವಿಭೂತಿಯೊಂದಿಗೆ ಮುಂದೆ ಬಂದು, ಕಣ್ಣು ಮುಚ್ಚಿ, ಬಾಯಿ ತೆರೆದು ಹಾ ಎಂದಿದ್ದ. ಖಾಲಿ ಹೊಟ್ಟೆಯ ವಾಸನೆ. ವ್ಯಾಸರಾಯ ಪಟ್ಟಿಯಲ್ಲಿ ಗುರುತು ಹಾಕಿಕೊಂಡಿದ್ದ.

ಏಳನೆಯವನು ಪಳನಿಸಾಮಿ. ಅವನು ಊದಿ, ಮೆಲ್ಲಗೆ ಕನ್ನಡದಲ್ಲಿ, "ನಮ್ಮ ಕಡೆ ಮಾಟು ವಾಂಗಕ್ಕೆ ಓದ್ರೆ ಇಂಗೇ ಬಾಯ್ ತೆಗೆಸಿ ಪಲ್ಲು ನೋಡ್ತಾರೆ ಸಾಮಿ," ಎಂದಿದ್ದ. ದನ ಕೊಳ್ಳುವವರು ಹಲ್ಲು ನೋಡುವ ಹಾಗೆ. ಸಿಟ್ಟಿನ ಮಾತಲ್ಲ, ಸಲಿಗೆಯ ಮಾತು. ಅವನ ಕನ್ನಡ ವ್ಯಾಸರಾಯನಿಗೆ ಸುಖವನ್ನೂ ನಾಚಿಕೆಯನ್ನೂ ಒಟ್ಟಿಗೆ ಕೊಡುತ್ತಿತ್ತು. ಎಷ್ಟೋ ತಲೆಮಾರಿನ ಹಿಂದೆ ಮೈಸೂರು ಕಡೆಯಿಂದ ಇಳಿದುಬಂದ ಒಕ್ಕಲ ಮಾತು, ಅರ್ಧ ತಮಿಳು, ಇನ್ನರ್ಧ ಪುಸ್ತಕಗಳಲ್ಲೂ ಸಿಗದ ಹಳೆಯ ಮಾತು. ಮೂಲೆಯಲ್ಲಿ ಇಬ್ಬರೇ ಇದ್ದಾಗ ಆಡುತ್ತಿದ್ದರು, ಯಾರಾದರೂ ಬಂದರೆ ವ್ಯಾಸರಾಯ ತಟ್ಟನೆ ತಮಿಳಿಗೆ ಹೊರಳುತ್ತಿದ್ದ. ಆ ದಿನವೇ ಪಳನಿಸಾಮಿ ಇನ್ನೊಂದು ಮಾತು ಹೇಳಿದ್ದ. "ಸಾಮಿ, ಕಬ್ಬಿಣದ ಸದ್ದುಲೇ ಮಾತು ಕೇಳಾದಿಲ್ಲ. ಒಂದು ವಿಸಿಲ್ ಮಡಗಿಕಳ್ಳಿ. ಒಂದು ಊದ್ರೆ ನಿಕ್ಕು, ಎಲ್ಡು ಊದ್ರೆ ತಳ್ಳು." ನಿಕ್ಕು ಎಂದರೆ ನಿಲ್ಲು. ವ್ಯಾಸರಾಯನಿಗೆ ಇಂಥವನಿಂದ ಹೇಳಿಸಿಕೊಂಡದ್ದು ಚುಚ್ಚಿತ್ತು. ಆದರೂ ನ್ಯಾಯವಂತನೆಂದು ತನಗೆ ತಾನೇ ತೋರಿಸಿಕೊಳ್ಳಲು ಪಟ್ಟಿಯ ಕೊನೆಗೆ ಸೇರಿಸಿದ್ದ. ಇಪ್ಪತ್ತೆರಡು: ಆಜ್ಞೆ ತಪ್ಪಾಗಿ ಕೇಳುವುದು. ಸಂಭವ ಒಂದು, ಹಾನಿ ಎರಡು, ಒಟ್ಟು ಎರಡು. ಪರಿಹಾರ: ಬೇಕಿಲ್ಲ, ಎಂಜಿನಿಯರ್ ಸ್ವತಃ ಆಜ್ಞೆ ಕೊಡುತ್ತಾರೆ.

"ಸಾರ್, ಉಕ್ಕಾರುಂಗ," ಎಂದಿತೊಂದು ದನಿ. ಕಿಟಕಿಯ ಪಕ್ಕದ ಸೀಟಿನಿಂದ, ಪೊಲೀಸರು ವಿಚಾರಿಸಿ ಬಿಟ್ಟಿದ್ದ ದಂಡಪಾಣಿ ಎದ್ದು ನಿಂತು ಜಾಗ ಬಿಡುತ್ತಿದ್ದ. ಒಂದು ಕಣ್ಣು ಮುಚ್ಚಿಹೋಗಿತ್ತು, ತುಟಿಯ ಮೂಲೆ ಹೊಲಿದಿದ್ದರು. ಮಾಲೆ ಇರಲಿಲ್ಲ, ಸ್ಟೇಷನ್ನಿನಲ್ಲಿ ಕಿತ್ತಿರಬೇಕು. ವ್ಯಾಸರಾಯ ಬೇಡವೆಂದ. ದಂಡಪಾಣಿ ತಮಿಳಿನಲ್ಲಿ, ಸಂಕೋಚದಿಂದಲೇ, ತನಗೆ ಹೇಗೂ ಕೂರಲು ಆಗುವುದಿಲ್ಲ, ತೊಡೆಯ ಹಿಂದೆಯೂ ಅಂಗಾಲಿಗೂ ಹೊಡೆದಿದ್ದಾರೆ, ನಿಂತರೂ ನೋವು ಕೂತರೂ ನೋವು, ಸೀಟು ಯಾಕೆ ದಂಡ ಎಂದ. ಸುತ್ತಲಿನವರು ನೋಡುತ್ತಿದ್ದರು. ವ್ಯಾಸರಾಯ ಕೂತ. ಸೀಟು ಇನ್ನೂ ಬಿಸಿಯಾಗಿತ್ತು. ಬಸ್ಸು ಕುಲುಕಿದಾಗಲೆಲ್ಲ ಮೇಲೆ ಕಂಬಿಗೆ ಜೋತ ದಂಡಪಾಣಿಯ ಗಂಟಲಿನಿಂದ ಸಣ್ಣದೊಂದು ಸದ್ದು ಬರುತ್ತಿತ್ತು, ಅದಕ್ಕೆ ಅವನೇ ಕೆಮ್ಮು ಸೇರಿಸಿ ಮರೆಸುತ್ತಿದ್ದ.

ತುಡಿಯಲೂರಿನಲ್ಲಿ ಇಳಿದ ಮೇಲೆ ದಂಡಪಾಣಿ ಅವನ ಜೊತೆ ಹೆಜ್ಜೆ ಹಾಕಲು ಹೆಣಗುತ್ತ ಕೇಳಿದ. "ಸಾರ್, ಕೋಪ ಬೇಡ. ನೀಂಗ ತಳ್ಳುನ್ನು ಸೊನ್ನೀಂಗ ತಾನೇ?" ನೀವು ತಳ್ಳು ಅಂತ ಹೇಳಿದಿರಿ ಅಲ್ಲವೇ. ಆರೋಪದ ದನಿಯಲ್ಲ ಅದು. ಸ್ಟೇಷನ್ನಿನಲ್ಲಿ ಎರಡು ದಿನ, ಎಂಜಿನಿಯರ್ ಹಾಗೆ ಹೇಳೇ ಇಲ್ಲ ಎನ್ನುವ ಪೊಲೀಸರಿಂದ ಹೊಡೆಸಿಕೊಂಡು ತನ್ನ ಕಿವಿಯ ಮೇಲೆಯೇ ನಂಬಿಕೆ ಹೋಗಿದೆ, ಒಂದು ಸಲ ನೀವು ಹೌದು ಎಂದರೆ ನಾನು ಹುಚ್ಚನಲ್ಲ ಎಂದಾದರೂ ಗೊತ್ತಾಗುತ್ತದೆ ಎಂದ. ವ್ಯಾಸರಾಯನಿಗೆ ಆಗ ಹೇಳಿಬಿಡಬೇಕೆಂದು ನಾಲಗೆ ತುದಿಗೆ ಬಂದಿತ್ತು. ಹೇಳಿದರೆ ತನ್ನ ಕಣ್ಣೂ ಹಾಗೆ ಮುಚ್ಚಿಹೋಗುತ್ತದೆ, ತನ್ನ ಅಂಗಾಲಿಗೂ ಲಾಠಿ ಬೀಳುತ್ತದೆ. ಸಂಭವ ಎಷ್ಟು? ತನ್ನಂಥವರಿಗೆ ಹೊಡೆಯುವುದಿಲ್ಲ, ಎರಡು ಇಟ್ಟುಕೊಳ್ಳೋಣ. ಹಾನಿ ಐದು. "ಇನ್‌ಸ್ಪೆಕ್ಟರ್ ಹತ್ತಿರ ಹೇಳುತ್ತೇನೆ," ಎಂದು ತಮಿಳಿನಲ್ಲಿ ಹೇಳಿ ಬೇಗ ಬೇಗ ನಡೆದ. ನಡೆಯಲಾರದವನನ್ನು ಹಿಂದೆ ಹಾಕುವುದು ಸುಲಭವಾಗಿತ್ತು.

ಮ್ಯಾನೇಜರ್ ಚೆನ್ನಕೇಶವನ್ ಕೋಣೆಯಲ್ಲಿ ಕಾಫಿ ತರಿಸಿದ್ದರು. ಇನ್‌ಸ್ಪೆಕ್ಟರ್ ಚಿಕ್ಕ ವಯಸ್ಸಿನವನು, ಕಪ್ಪು ಚೌಕಟ್ಟಿನ ಕನ್ನಡಕ, ಅಚ್ಚುಕಟ್ಟು ಅಕ್ಷರ. ವ್ಯಾಸರಾಯನ ಪಟ್ಟಿಯನ್ನು ತಿರುವಿ ಹಾಕಿ, ಇಂಥದನ್ನು ಈ ಜಿಲ್ಲೆಯಲ್ಲಿ ಯಾರೂ ಮಾಡಿದ್ದು ಕಂಡಿಲ್ಲ ಎಂದು ಮೆಚ್ಚಿಕೊಂಡ. ಇಪ್ಪತ್ತೆರಡನೆಯದು ಮೂರನೆಯ ಹಾಳೆಯ ತಳದಲ್ಲಿತ್ತು, ಅಷ್ಟು ದೂರ ಅವನು ಹೋಗಲಿಲ್ಲ. ಬಾಗಿಲ ಹೊರಗೆ ಗೋಡೆಗೆ ಒರಗಿ ದಂಡಪಾಣಿ ನಿಂತಿದ್ದ. ಬಾಗಿಲು ತೆರೆದೇ ಇತ್ತು.

ಕಾಲು ಕಂಡ ಮೇಲೆ ನೀವು ಆಡಿದ ಮಾತು ಯಾವುದು, ಅದನ್ನೇ ಹೇಳಿ, ಎಂದ ಇನ್‌ಸ್ಪೆಕ್ಟರ್.

"ತಾಳು," ಎಂದ ವ್ಯಾಸರಾಯ. ಹನ್ನೆರಡು ದಿನದ ಮೇಲೆ ಅದನ್ನು ಬೇಕೆಂದೇ ಆಡಿದ್ದ. ಅಂದುಬಿಟ್ಟೆ, ಇನ್ನು ಆದದ್ದಾಗಲಿ ಎಂದು ಮೈ ಹಗುರಾಯಿತು.

"ತಳ್ಳು?" ಇನ್‌ಸ್ಪೆಕ್ಟರಿನ ಪೆನ್ನು ನಿಂತಿತು. ಹೊರಗೆ ದಂಡಪಾಣಿಯ ತಲೆ ಮೇಲೆದ್ದಿತು.

"ಅಲ್ಲ, ತಾಳು. ನಮ್ಮ ಮನೆಯ ಭಾಷೆ, ಕನ್ನಡ. ಸ್ವಲ್ಪ ಇರು, ನಿಲ್ಲು ಅಂತ."

ಚೆನ್ನಕೇಶವನ್ ತಡೆಹಿಡಿದಿದ್ದ ಉಸಿರನ್ನು ಬಿಟ್ಟರು. "ಅಷ್ಟೇ ಅಲ್ಲವೇ? ನಿಲ್ಲು ಎಂದಿದ್ದಾರೆ. ಅದನ್ನೇ ಬರೆದುಕೊಳ್ಳಿ ಸಾರ್." ಇನ್‌ಸ್ಪೆಕ್ಟರ್ ನಿಲ್ಲು ಎಂದು ಬರೆದುಕೊಂಡ. ವ್ಯಾಸರಾಯ ಆ ತಮಿಳು ಅಕ್ಷರಗಳನ್ನು ತಲೆಕೆಳಗಾಗಿ ಓದಿದ. ನಿಜ ಹೇಳಿದ್ದ, ಅದು ಕಾಗದ ಮುಟ್ಟುವಷ್ಟರಲ್ಲಿ ದಂಡಪಾಣಿಯ ಬೆನ್ನಿಗೆ ಬೀಳುವ ದೊಣ್ಣೆಯಾಗಿತ್ತು. ಇನ್ನೊಂದು ಮಾತು ಸೇರಿಸಿದರೆ ಸಾಕಿತ್ತು: ಅವರಿಗೆ ಹಾಗೆ ಕೇಳಿಸುವುದಿಲ್ಲ ಸಾರ್, ಅವರಿಗೆ ತಳ್ಳು ಎಂದೇ ಕೇಳಿಸುತ್ತದೆ, ನೀವೇ ಈಗ ಕೇಳಿಸಿಕೊಂಡಿರಲ್ಲ. ಇನ್‌ಸ್ಪೆಕ್ಟರ್ ತಾನಾಗಿಯೇ ಅಲ್ಲಿಗೆ ಬಂದ, ಆಳುಗಳಿಗೆ ನಿಮ್ಮ ಭಾಷೆ ಬರುತ್ತದೆಯೇ ಎಂದು ಕೇಳಿದ. ವ್ಯಾಸರಾಯನ ಬಾಯಿಂದ ಬಂದದ್ದು ಬೇರೆ. "ಒಬ್ಬನಿಗೆ ಬರುತ್ತದೆ, ಪಳನಿಸಾಮಿಗೆ. ಅವನನ್ನು ಕೇಳಿ. ಅವನಿಗೆ ಗೊತ್ತು ನಾನು ಏನೆಂದೆ ಅಂತ." ಹೇಳಿ ಮುಗಿಸಿದ ಮೇಲೆ ತನ್ನ ಹೇಸಿಗೆತನ ತನಗೇ ಕಂಡಿತು. ತನ್ನಿಂದಲೇ ಕಾಲು ಕಳೆದುಕೊಂಡವನನ್ನು ತನ್ನ ಪರ ಸಾಕ್ಷಿಗೆ ಕರೆದಿದ್ದ. ಆದರೆ ಹೆದರಿಕೆ ಕಡಿಮೆಯಾಗಿತ್ತು, ಅದೂ ನಿಜ. ಕಾಫಿಯ ರುಚಿ ನಾಲಗೆಗೆ ಹತ್ತಿತ್ತು.

ಬರೆದದ್ದಕ್ಕೆ ವ್ಯಾಸರಾಯ ಸಹಿ ಹಾಕಿದ ಮೇಲೆ ಮಿಲ್ಲಿನ ಕಾರಿನಲ್ಲಿ ಮೂವರೂ ಊರೊಳಗಿನ ಆಸ್ಪತ್ರೆಗೆ ಹೋದರು. ಕಾರು ಹೊರಟಾಗ ಮಿಲ್ಲಿನ ಗೇಟಿನಲ್ಲಿ ದಂಡಪಾಣಿ ಎರಡು ಕೈಯೂ ಮುಗಿದು ನಿಂತಿದ್ದ. ಯಾರಿಗೆ ಮುಗಿಯುತ್ತಿದ್ದಾನೆಂದು ಗೊತ್ತಾಗಲಿಲ್ಲ.

ವಾರ್ಡಿನ ಕೊನೆಯ ಮಂಚ. ಹೊದಿಕೆಯ ಕೆಳಗೆ ಬಲಗಾಲಿನ ಜಾಗ ತೊಡೆಯ ನಡುವಿಗೇ ತಟ್ಟನೆ ಮುಗಿದು ಹೊದಿಕೆ ಚಪ್ಪಟೆಯಾಗಿತ್ತು. ಎಡಗಾಲಿಗೆ ಬೆರಳಿನವರೆಗೂ ಬ್ಯಾಂಡೇಜು. ಅದೂ ಉಳಿಯುವುದು ಅನುಮಾನವಂತೆ. ಪಳನಿಸಾಮಿಯ ಹೆಂಡತಿ ಬೆಳ್ಳಿಯಮ್ಮ ಎದ್ದು ನಿಂತು, ಇವರು ಕೂರಲೆಂದು ಸ್ಟೂಲನ್ನು ಸೆರಗಿನಿಂದ ಒರೆಸಿದಳು. "ಬನ್ನಿ ಸಾಮಿ. ನೀವು ಬತ್ತೀರಿ ಅಂತ ದಿನಾ ಸೊಲ್ತಾ ಇದ್ರು," ಎಂದಳು. ಹನ್ನೆರಡು ದಿನದಲ್ಲಿ ವ್ಯಾಸರಾಯ ಬಂದದ್ದು ಇದೇ ಮೊದಲು. ಪಳನಿಸಾಮಿ ನಕ್ಕ. ಅದೇ ನಗೆ, ಬಾಯ್ಲರಿನ ಮುಂದೆ ಕೂತು ಕತ್ತೆತ್ತಿ ನಕ್ಕದ್ದು. ವ್ಯಾಸರಾಯ ಕಣ್ಣು ಎಲ್ಲಿಡಬೇಕೆಂದು ತಿಳಿಯದೆ ಚಪ್ಪಟೆ ಹೊದಿಕೆಯನ್ನೇ ನೋಡಿದ. ನರ್ಸು ಬಟ್ಟೆಯ ಮರೆ ತಂದು ಮಂಚದ ಸುತ್ತ ನಿಲ್ಲಿಸಿದಳು.

ಎಂಜಿನಿಯರ್ ಅವರು ಆಡಿದ ಮಾತು ನಿನಗೆ ಕೇಳಿಸಿತೇ ಎಂದು ಇನ್‌ಸ್ಪೆಕ್ಟರ್ ಕೇಳಿದ. ಕೇಳಿಸಿತು ಎಂದ ಪಳನಿಸಾಮಿ. ಏನು ಕೇಳಿಸಿತು? ಪಳನಿಸಾಮಿ ವ್ಯಾಸರಾಯನ ಕಡೆ ತಿರುಗಲಿಲ್ಲ. ಮಾಡಿನ ಫ್ಯಾನನ್ನು ನೋಡುತ್ತ, ತಮಿಳಿನಲ್ಲಿ, ಒಂದೊಂದು ಮಾತನ್ನೂ ಬಿಡಿಸಿ ಹೇಳಿದ. "ಎಂಜಿನಿಯರ್ ಅಯ್ಯಾ ತಳ್ಳುನ್ನು ಸೊನ್ನಾರು. ಅವರು ತಳ್ಳು ಅಂದರು, ಆಳುಗಳು ತಳ್ಳಿದರು. ಮೇಸ್ತ್ರಿ ಮೇಲೆ ತಪ್ಪಿಲ್ಲ."

ಚೆನ್ನಕೇಶವನ್ ಎದ್ದೇಬಿಟ್ಟರು. ಇಂಜೆಕ್ಷನ್ನಿನ ಅಮಲಿನಲ್ಲಿದ್ದಾನೆ, ಇವನ ಮಾತು ಹೇಗೆ ಬರೆದುಕೊಳ್ಳುತ್ತೀರಿ ಎಂದರು. ಹಾಗಾದರೆ ಬುದ್ಧಿ ಸ್ವಾಧೀನದಲ್ಲಿದೆ ಎಂದು ಡಾಕ್ಟರಿಂದ ಬರೆಸಿಕೊಂಡು ಬರುತ್ತೇನೆ ಎಂದು ಇನ್‌ಸ್ಪೆಕ್ಟರ್ ಹೊರಟ, ಚೆನ್ನಕೇಶವನ್ ಅವನ ಬೆನ್ನಿಗೇ ಮಾತಾಡುತ್ತ ಹೋದರು. ಬೆಳ್ಳಿಯಮ್ಮ ಸಾಮಿಗೆ ಏನೂ ಕೊಡಲಿಲ್ಲವೆಂದು ಫ್ಲಾಸ್ಕ್ ಹಿಡಿದು ಕಾಫಿಗೆ ಓಡಿದಳು. ಬಟ್ಟೆಯ ಮರೆಯೊಳಗೆ ಇಬ್ಬರೇ ಉಳಿದರು.

"ನಾನು ತಾಳು ಅಂದೆ," ಎಂದ ವ್ಯಾಸರಾಯ ಕನ್ನಡದಲ್ಲಿ.

"ಅಂದ್ರಿ ಸಾಮಿ. ನಂಗೆ ತಿಳೀದಾ? ಅದಕ್ಕೇ ತಾನೇ ಕಾಲ ತೆಗೀನಿಲ್ಲ."

"ಮತ್ತೆ ಸುಳ್ಳು ಯಾಕೆ ಹೇಳಿದೆ?"

"ಅವ್ರ ಕಿವಿಗೆ ತಳ್ಳು ಅಂತಾನೇ ಬಿದ್ದಿರಾದು. ಆರು ಆಳು ಸಾಮಿ. ನಾನು ತಾಳು ಅಂತ ಸೊಲ್ಲಿದ್ರೆ ನೀವು ತಪ್ಪಿಸ್ಕತೀರಿ, ದಂಡಪಾಣಿ ಒಳಗೋಗ್ತಾನೆ. ಅತ್ತೊಂಬತ್ತು ವರ್ಸ ಅವನ ಕೂಡ ವೇಲೆ ಮಾಡಿವ್ನಿ. ಇನ್ನೊಂದು ಏಟು ಅವ್ನು ತಿನ್ನಾದಿಲ್ಲ, ಸತ್ತೋಗ್ತಾನೆ. ನೀವು ಓದಿದೋರು, ನಿಮ್ಮ ಮೇಲೆ ಯಾರು ಕೈ ಮಾಡ್ತಾರೆ?"

"ನಮ್ಮ ಮಾತಿನವನು ಅಂತ ನಂಬಿದ್ದೆನಲ್ಲೋ," ಎಂದ ವ್ಯಾಸರಾಯ. ಅಂದದ್ದು ಅವನಿಗೇ ನಾಚಿಕೆಯಾಗುವಂತಿತ್ತು, ಆದರೂ ಅಂದ.

ಪಳನಿಸಾಮಿ ಈಗ ತಿರುಗಿ ನೇರವಾಗಿ ನೋಡಿದ. "ನಮ್ಮ ಮಾತ್ನೋನಾಗಿದ್ದಕ್ಕೇ ತಾನೇ ಸಾಮಿ ಕಾಲು ಓದದ್ದು."

ವ್ಯಾಸರಾಯನಿಗೆ ಎಲ್ಲವೂ ಕೆಂಪಾಯಿತು. ಬೀಸಣಿಗೆಯ ಕಾವು, ತೊಡೆಯ ಒಳಮೈಗೆ ಹೊಕ್ಕ ಉಗುರು, ತನ್ನ ಮುಖಕ್ಕೆ ತೆರೆದ ದಂಡಪಾಣಿಯ ಬಾಯಿ, ಬಸ್ಸಿನಲ್ಲಿ ತುಳಿದ ಕಾಲು. ಕೈ ತಾನಾಗಿ ಹೋಗಿ ಹೊದಿಕೆ ಚಪ್ಪಟೆಯಾಗುವ ಜಾಗದಲ್ಲಿ ಆ ಮೊಂಡು ತೊಡೆಯನ್ನು ಹಿಡಿಯಿತು, ಹಿಡಿದು ಒತ್ತಿತು. ಬ್ಯಾಂ­ಡೇಜಿನ ಕೆಳಗೆ ಮಾಂಸ ಸರಿಯಿತು, ಅದರೊಳಗೆ ಕೊಯ್ದ ಮೂಳೆಯ ದುಂಡು ಅಂಚು ಅಂಗೈಗೆ ತಾಗಿತು. ಬಿಡಬೇಕೆಂದು ಅನ್ನಿಸಲಿಲ್ಲ. ಇನ್ನೂ ಒತ್ತಿದ. ಹನ್ನೆರಡು ದಿನಗಳಲ್ಲಿ ಮೊದಲ ಸಲ ತಲೆಯೊಳಗಿನ ಅಂಕಗಳೆಲ್ಲ ನಿಂತುಹೋಗಿದ್ದವು, ಎಂಥದೋ ಒಂದು ಶಾಂತಿ. ಪಳನಿಸಾಮಿಯ ಬೆನ್ನು ಹಾಸಿಗೆಯಿಂದ ಬಿಲ್ಲಾಗಿ ಎದ್ದಿತು, ಕಣ್ಣು ಮೇಲಕ್ಕೆ ಸಿಕ್ಕಿಕೊಂಡವು. ಅವನು ಹೊದಿಕೆಯ ಅಂಚನ್ನು ಬಾಯಿಗೆ ತುರುಕಿಕೊಂಡು ಕಚ್ಚಿದ. ಕೂಗಲಿಲ್ಲ.

ಬಟ್ಟೆ ಬಾಯಿಂದ ಬಿದ್ದಾಗ ಉಸಿರಿನಲ್ಲಿ ಹೇಳಿದ. "ಕೈ ತೆಗೀರಿ ಸಾಮಿ. ನಾನು ಕೂಗಿದ್ರೆ ಎಲ್ಲಾ ಓಡಿ ಬತ್ತಾರೆ. ನಿಮ್ಮ ಮಾನ ಓಗ್ತದೆ."

ವ್ಯಾಸರಾಯ ಕೈ ತೆಗೆದ. ಹೊದಿಕೆಯ ಮೇಲೆ ಅಂಗೈಯಗಲ ಕೆಂಪು ಹರಡುತ್ತಿತ್ತು, ಅವನ ಬೆರಳ ಸಂದಿಗಳಲ್ಲೂ ಅದೇ. ಕೈಯನ್ನು ಪ್ಯಾಂಟಿನ ಜೇಬಿಗೆ ತುರುಕಿದ. ಅಪರಾಧಿ ಎಂದರೆ ಏನೆಂದು ಅವನು ಇಷ್ಟು ದಿನ ಕಿವಿ ನಾಲಗೆಗಳ ನಡುವೆ ಹುಡುಕುತ್ತಿದ್ದ. ಅದು ಈ ಕೈಯಲ್ಲಿತ್ತು. ಯಾರೂ ತಪ್ಪು ಕೇಳಿಸಿಕೊಂಡಿರಲಿಲ್ಲ ಇಲ್ಲಿ. ಪಳನಿಸಾಮಿ ಬೆವರು ಸುರಿಸುತ್ತ ಹೊದಿಕೆಯ ಮಡಿಕೆಯನ್ನು ಎಳೆದು ಆ ಕೆಂಪನ್ನು ಮುಚ್ಚಿದ.

ಇನ್‌ಸ್ಪೆಕ್ಟರ್ ಡಾಕ್ಟರ ಸಹಿ ಹಿಡಿದು ಬಂದ, ಹಿಂದೆ ಚೆನ್ನಕೇಶವನ್. ಪಳನಿಸಾಮಿಯ ಹೇಳಿಕೆ ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಂಡ. ಆಮೇಲೆ ವ್ಯಾಸರಾಯನ ಕಡೆ ತಿರುಗಿ, ನೀವು ಬೆಳಿಗ್ಗೆ ಹೇಳಿದ್ದು ಒಂದು, ಇವನು ಹೇಳುವುದು ಒಂದು, ಯಾವುದನ್ನು ಇಟ್ಟುಕೊಳ್ಳಲಿ ಎಂದು ಕೇಳಿದ.

"ಅವನು ಹೇಳಿದ್ದನ್ನು," ಎಂದ ವ್ಯಾಸರಾಯ. ತಮಿಳಿನಲ್ಲಿ ಅವನ ದನಿ ಯಾವಾಗಲೂ ಇರುವುದಕ್ಕಿಂತ ಗಟ್ಟಿಯಾಗಿತ್ತು. "ತಳ್ಳು ಅಂತಲೇ ಹೇಳಿದೆ."

ಇನ್‌ಸ್ಪೆಕ್ಟರ್ ಕನ್ನಡಕ ತೆಗೆದ. ಸಾರ್, ಯೋಚನೆ ಮಾಡಿ ಹೇಳಿ. ಕಾಲು ಒಳಗಿರುವುದನ್ನು ಕಂಡ ಮೇಲೆ ಕೂಗಿದೆ ಎಂದು ಬೆಳಿಗ್ಗೆ ಸಹಿ ಮಾಡಿದ್ದೀರಿ. ಕಾಲು ಕಂಡೂ ತಳ್ಳು ಎಂದಿರಾ? ಹಾಗೆ ಬರೆದರೆ ಅದು ಅಜಾಗರೂಕತೆ ಆಗುವುದಿಲ್ಲ. ಬೇರೆಯೇ ಕೇಸಾಗುತ್ತದೆ.

"ಕಂಡಿತ್ತು," ಎಂದ ವ್ಯಾಸರಾಯ. "ಕಂಡೇ ಹೇಳಿದೆ."

ಚೆನ್ನಕೇಶವನ್ ಏನೋ ಕೂಗಿದರು. ಅದಕ್ಕಿಂತ ಜೋರಾಗಿ ಮಂಚದಿಂದ ಪಳನಿಸಾಮಿ ಕೂಗಿಕೊಂಡ. ಅಷ್ಟು ನೋವಿಗೂ ಕೂಗದವನು ಈಗ ಮೊಣಕೈ ಊರಿ ಎದ್ದು, ಮುಖವೆಲ್ಲ ನೀರಾಗಿ, ಕನ್ನಡದಲ್ಲಿ ಅರಚುತ್ತಿದ್ದ. "ಅಂಗೆ ಸೊಲ್ಲಬೇಡಿ ಸಾಮಿ! ನಾನು ಅಷ್ಟು ಕೇಳ್ನಿಲ್ಲ! ಐಯೋ, ಇವ್ರು ತಾಳು ಅಂದ್ರು, ನಾನೇ ಸುಳ್ಳು ಸೊಲ್ದೆ, ಬರೀಬೇಡಿ, ಬರೀಬೇಡಿ!"

ಇನ್‌ಸ್ಪೆಕ್ಟರ್ ಒಂದಕ್ಷರ ತಿಳಿಯದೆ ಆ ಬಾಯನ್ನೇ ನೋಡಿದ. ಆಮೇಲೆ ವ್ಯಾಸರಾಯನನ್ನು ಕೇಳಿದ. "ಎನ್ನ ಸೊಲ್ರಾನ್?" ಏನು ಹೇಳುತ್ತಿದ್ದಾನೆ ಇವನು?

"ಕಾಲು ತುಂಬಾ ನೋಯುತ್ತದಂತೆ," ಎಂದು ವ್ಯಾಸರಾಯ ತಮಿಳಿನಲ್ಲಿ ಹೇಳಿದ. "ನೀವು ಬರೆದುಕೊಳ್ಳಿ."